ಸೂಜಿಯ ನಂತರದ ಅರ್ಧ ಗಂಟೆ

ಮಾರ್ಚ್ 6

ಇವತ್ತೂ ಡ್ರೆಸ್ಸಿಂಗ್. ಇವತ್ತೂ ಕಿರುಚಿದೆ. ಎಡಗೈಗೆ ಅಂಟಿಕೊಂಡಿದ್ದ ಬ್ಯಾಂಡೇಜ್ ಕಿತ್ತಾಗ ಜೀವ ಬಾಯಿಗೆ ಬಂತು. "ನೋವಿನ ಇಂಜೆಕ್ಷನ್ ಈಗ ತಾನೇ ಕೊಟ್ಟಾಯ್ತಲ್ಲಮ್ಮ, ಇನ್ನೇನು ನಾಟಕ?" ಎಂದ ಡ್ರೆಸ್ಸರ್. ನೋವಿಗಿಂತ ನಾಚಿಕೆ ಹೆಚ್ಚಾಯಿತು. ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳನ್ನೇ ಗದರಿಸುವವಳು ನಾನು...

ಸಂಜೆ ಮೇಲಿನ ಸ್ಪೆಷಲ್ ವಾರ್ಡ್‌ನಿಂದ ಓರಗಿತ್ತಿಯ ಫೋನ್. ಒಂದೇ ಕುಕ್ಕರ್ ಸಿಡಿದು ಇಬ್ಬರ ಕೈಯೂ ಸುಟ್ಟದ್ದು. ಮೈದುನನ ಕಂಪನಿಯ ಇನ್ಶೂರೆನ್ಸ್ ಇದೆ, ಅವಳು ಮೇಲೆ. ನಮಗಿಲ್ಲ, ನಾನು ಕೆಳಗೆ ಜನರಲ್‌ನಲ್ಲಿ. ಡಾಕ್ಟರ್ ಒಬ್ಬರೇ, ಔಷಧಿಯೂ ಒಂದೇ.

"ನಾನಂತೂ ತುಟಿ ಪಿಟಕ್ ಅನ್ನಲಿಲ್ಲಪ್ಪ. ನೀವು ಆಸ್ಪತ್ರೆನೇ ತಲೆ ಮೇಲೆ ಹೊತ್ಕೊಂಡ್ರಂತೆ ಅಕ್ಕಾ!"

ಕೋಪ ನೆತ್ತಿಗೇರಿತು. ಫೋನ್ ಕಟ್ ಮಾಡಿದೆ.

ಮಾರ್ಚ್ 8

ಅವಳ ಧೈರ್ಯ ನೋಡೋಣವೆಂದು ಮೇಲೆ ಹೋದೆ. ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ಟು ಹೊರಟೇ ಹೋದರು. ಇವಳು ಕಾಲು ಚಾಚಿ ಮೊಬೈಲ್ ಹಿಡಿದಳು.

"ಈಗಲೇ ಬ್ಯಾಂಡೇಜ್ ಬಿಚ್ಚಲ್ವೇನೇ?"

"ಅಯ್ಯೋ, ಔಷಧಿ ಹತ್ತೋಕೆ ಅರ್ಧ ಗಂಟೆ ಬೇಕಲ್ಲ ಅಕ್ಕಾ. ನಿಮ್ಮನ್ನ ಕಾಯಿಸಲ್ವಾ?"

"ಕಾಯಿಸ್ತಾರೆ. ಸೂಜಿಗೆ ಮೊದಲು. ಕಾರಿಡಾರ್‌ನಲ್ಲಿ."

ಅವಳ ನಗು ಅಲ್ಲೇ ನಿಂತಿತು. ನನಗೆ ಮೈಯೆಲ್ಲ ಉರಿ. ಇಷ್ಟು ದಿನ ನನ್ನನ್ನೇ ಹೇಡಿ ಅಂದುಕೊಂಡಿದ್ದೆನಲ್ಲ!

ಮಾರ್ಚ್ 9

ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿಯೇಬಿಟ್ಟೆ.

"ಎರಡೂ ಕಡೆ ಒಂದೇ ಟ್ರೀಟ್‌ಮೆಂಟ್ ಅಮ್ಮ. ಅದೇ ಇಂಜೆಕ್ಷನ್, ಅದೇ ಡೋಸ್."

"ಇಂಜೆಕ್ಷನ್ ಅದೇ ಸರಿ. ಆಮೇಲಿನ ಅರ್ಧ ಗಂಟೆ ಎಲ್ಲಿ?"

"ಇಲ್ಲಿ ರಶ್ ನೋಡಿದೀರಲ್ಲ..."

ಮುಂದಿನ ಮಂಚಕ್ಕೆ ಹೋದರು. ಪಕ್ಕದಲ್ಲಿದ್ದ ಯಜಮಾನರ ಮುಖ ಸಪ್ಪಗಾಯಿತು. "ಬಾಯಿ ಮುಚ್ಕೊಂಡಿರೇ. ಡಿಸ್ಚಾರ್ಜ್ ಮಾಡಿದ್ರೆ ಎಲ್ಲಿಗೆ ಹೋಗೋದು?" ಅವರ ಭಯ ಸುಳ್ಳಲ್ಲ. ಗಾಯ ಕೆಟ್ಟು ಬೆರಳು ಮಡಚಿಕೊಂಡರೆ ನನ್ನ ಹೊಲಿಗೆ ಮುಗಿದ ಹಾಗೆ. ಭಯ ನನಗೂ ಇದೆ. ಆದರೂ ಬಾಯಿ ಮುಚ್ಚುವುದಿಲ್ಲ.

ಮಾರ್ಚ್ 10, ಬೆಳಿಗ್ಗೆ, ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ

ಇಂಜೆಕ್ಷನ್ ತಗೊಂಡೆ. ಡ್ರೆಸ್ಸರ್ ಕತ್ತರಿ ಹಿಡಿದ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. "ಅರ್ಧ ಗಂಟೆ ಆಗ್ಲಿ, ಬರ್ತೀನಿ."

ಕ್ಯೂನಲ್ಲಿದ್ದವರು ನನ್ನ ಮೇಲೇ ಹರಿಹಾಯ್ದರು. "ನಿನ್ನೊಬ್ಬಳಿಗೋಸ್ಕರ ನಾವು ಸಾಯೋಣ್ವಾ?" ಎಂದಳು ಕಾಲು ಸುಟ್ಟ ಅಡುಗೆಯವಳು. "ನಿಮಗೂ ಈಗಲೇ ಚುಚ್ಚಲಿ. ಎಲ್ರೂ ಒಟ್ಟಿಗೆ ಕಾಯೋಣ" ಎಂದು ಮೇಲಿನ ವಾರ್ಡ್‌ನಲ್ಲಿ ಕಂಡದ್ದನ್ನು ಹೇಳಿದೆ.

ಆಮೇಲೆ ಅಡುಗೆಯವಳು ಒಳಗೆ ಹೋದಳು, ಚುಚ್ಚಿಸಿಕೊಂಡಳು, ಕುಂಟುತ್ತಾ ಬಂದು ನನ್ನ ಪಕ್ಕ ಕೂತಳು. "ಸರ್ಕೊಳ್ಳೇ ಸ್ವಲ್ಪ." ಅವಳ ಹಿಂದೆ ಇನ್ನೊಬ್ಬಳು. ಈಗ ಬೆಂಚಿನಲ್ಲಿ ಜಾಗವಿಲ್ಲ, ನೆಲದ ಮೇಲೂ ಕೂತಿದ್ದಾರೆ. ಡ್ರೆಸ್ಸರ್ ಡಾಕ್ಟರಿಗೆ ಫೋನ್ ಮಾಡುತ್ತಿದ್ದಾನೆ. ಮಾಡಲಿ.

ಉರಿ ಇಳಿಯುತ್ತಿದೆ. ನಿಜವಾಗಿಯೂ ಇಳಿಯುತ್ತಿದೆ! ಇಷ್ಟೇ ಆಗಿತ್ತಲ್ಲ ಬೇಕಾಗಿದ್ದದ್ದು...

ಡಾಕ್ಟರ್ ಬಂದರು. ಮುಖ ಗಂಟಿಕ್ಕಿದೆ. "ಏಳಮ್ಮ, ಒಳಗೆ ನಡಿ" ಎನ್ನುತ್ತಿದ್ದಾರೆ. ಗಡಿಯಾರ ಅವರ ತಲೆಯ ಮೇಲೇ ಇದೆ. ಇನ್ನೂ ಅರ್ಧ ಗಂಟೆ ಆಗಿಲ್ಲ. ಏಳುವುದಿಲ್ಲ. ಅಡುಗೆಯವಳೂ ಎದ್ದಿಲ್ಲ. ಯಾರೂ —