ಈ ಕಡೆ ತಿರುಗು

೪-೩-೧೯೫೪
ಪೋತ್ತನೂರು ರೈಲ್ವೆ ಗೂಡ್ಸ್ ಆಫೀಸಿಗೆ ಮತ್ತೆ ಅರ್ಧ ದಿನ ರಜಾ. ಹೊಟ್ಟೆನೋವು ಎಂದು ಬರೆದುಕೊಟ್ಟೆ. ಸಿನಿಮಾ ಸ್ಟುಡಿಯೋ ಗೇಟಿನಲ್ಲಿ ಒಂದೂವರೆ ಗಂಟೆ ನಿಂತೆ. ಕನ್ನಡ ಪಿಕ್ಚರ್‌ಗೆ ಸಂಗೀತ ಮಾಡಲು ಮೈಸೂರಿಂದ ಈ ತಮಿಳು ಸೀಮೆಗೆ ಬಂದಿರುವ ವ್ಯಾಸರಾಯರು ಒಳಗೇ ಇದ್ದರು. ನಾಳೆ ಬರಲಿ ಅಂದರಂತೆ. ನೋಟ್‌ಬುಕ್ಕಿನಲ್ಲಿ ಹದಿನೇಳು ಹಾಡು. ಒಂದಾದರೂ ಹಿಡಿಸದೇ ಇರುತ್ತದೆಯೇ...

೫-೩
ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.
ಹದಿನೇಳೂ ಹಾಡು ಕೇಳಿ ವ್ಯಾಸರಾಯರು ಹಾರ್ಮೋನಿಯಂ ಮುಚ್ಚಿದರು. "ಪದ ಚೆನ್ನಾಗಿದೆ ಕಣಯ್ಯಾ, ಜೀವ ಇಲ್ಲ. ಬೇರೆ ಏನಾದರೂ ಇದೆಯಾ?"
ಇರಲಿಲ್ಲ. ಆದರೂ ಹಾಡಿಬಿಟ್ಟೆ — "ತಲೆ ಬಾಚಲು ಬಂದೆ, ಈ ಕಡೆ ತಿರುಗು ಚೆಲುವೆ."
ಕಣ್ಣು ಮುಚ್ಚಿ ಕೇಳಿದರು. "ಯಾರದಯ್ಯಾ ಇದು?"
"ನನ್ನದೇ ಸಾರ್."
ನನ್ನದಲ್ಲ, ಸೋದರತ್ತೆ ಬೆಳ್ಳಿಯಮ್ಮನದು. ಎರಡು ವರ್ಷದ ಹಿಂದೆ ಮಗಳು ಪಾಪಾತಿ ಜ್ವರದಲ್ಲಿ ಹೋದಾಗ ಹೆಣದ ಪಕ್ಕ ಕುಳಿತು ಅಳುತ್ತಾ ಕಟ್ಟಿದ್ದು. ಅಲ್ಲಿ "ಮಗಳೇ" ಎಂದಿತ್ತು. "ಚೆಲುವೆ" ಒಂದೇ ನನ್ನದು.
ಹಿಡಿಸಿಬಿಟ್ಟಿತು; ತೋಟದಲ್ಲಿ ಪ್ರೇಮಿಗಳ ಜೋಡಿ ಹಾಡುವ ಸೀನ್‌ಗಂತೆ. ಇನ್ನೆರಡು ಚರಣ ಬೇಕಂತೆ.

೧೪-೩, ಭಾನುವಾರ
ಒಂಬತ್ತು ದಿನ ಕೂತೆ. ಒಂದು ಸಾಲೂ ಹುಟ್ಟಲಿಲ್ಲ. ಅತ್ತೆಯ ಊರು ಕುನ್ನತ್ತೂರಿಗೆ ಬಸ್ ಹತ್ತಿದೆ.
"ಅತ್ತೆ, ಪಾಪಾತಿಗೆ ಹಾಡಿದ್ಯಲ್ಲಾ... ಅದ ಇನ್ನೊಂದ್ ಸಲ ಕೇಳ್ಬೇಕು."
"ಬದ್ಕಿರೋರ ಮನೇಲಿ ಅದ ಹಾಡ್ಬಾರ್ದು ನನ್ ಕಣ್ಣು" ಎಂದು ಎದ್ದು ಹೊಲದ ಬದುವಿನವರೆಗೆ ನಡೆದಳು. ತಲೆಗೆ ಸೆರಗು ಹೊದ್ದು ಕೂತು ಹಾಡಿದಳು. ಪೂರ್ತಿ.
ನೋಟ್‌ಬುಕ್ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದೆ. ನೋಡಿಬಿಟ್ಟಳು.
"ಬರ್ಕೋ ಸಾಮಿ, ಒಳ್ಳೇದೇ. ಎರಡ್ ವರ್ಷಾಯ್ತು, ಒಬ್ರೂ ಅವಳ ಪೇರೇ ಎತ್ಲಿಲ್ಲ. ನೀನಾದ್ರೂ ನೆನ್ಸ್ಕೊಂಡ್ಯಲ್ಲ."
ಬರೆದುಕೊಂಡೆ. ನಾಚಿಕೆಗೆಟ್ಟವನು ನಾನು. ಬರುವಾಗ ಚೀಲದ ತುಂಬ ಕಡಲೆಕಾಯಿ ಕೊಟ್ಟಳು, ಅದನ್ನೂ ತಂದೆ.

೧೬-೩
ಮೂರು ಕಡೆ "ಮಗಳೇ" ಹೊಡೆದು "ಚೆಲುವೆ" ಮಾಡಿ ಕೊಟ್ಟೆ. ಸ್ವಂತ ರಚನೆ ಎಂಬ ಕಾಗದಕ್ಕೆ ಸೈನ್ ಹಾಕಿದೆ. ವ್ಯಾಸರಾಯರು ಬೆನ್ನು ತಟ್ಟಿದರು. ಖುಷಿಯೂ ಆಯಿತು — ಸುಳ್ಳೇಕೆ ಬರೆಯಲಿ. ಗೇಟು ದಾಟುವವರೆಗೆ.

೨-೪, ಸಂಜೆ ಆರು
ಆಫೀಸಿನಿಂದ ಬಂದರೆ ಅತ್ತೆ ನಮ್ಮ ಮನೆಯಲ್ಲಿ! ಅಮ್ಮ ಸುದ್ದಿ ಹೇಳಿಬಿಟ್ಟಿದ್ದಾಳೆ.
"ನಿನ್ ಪಾಟ್ಟು ಪಿಕ್ಚರ್‌ಗೆ ಬಂತಂತಲ್ಲ ಸಾಮಿ! ಎಲ್ಲಿ, ಹಾಡು ನೋಡಣ."
ದೀಪ ಹಚ್ಚಿದ ಮನೆ. ಈ ಸೂರಿನ ಕೆಳಗೆ, ಅವಳ ಎದುರಿಗೆ, ಆ ಹಾಡು! ಗಂಟಲು ಕಟ್ಟಿದೆ ಎಂದೆ. ಅತ್ತೆ ಕಷಾಯ ಕಾಯಿಸಲು ಒಳಗೆ ಹೋಗಿದ್ದಾಳೆ. ಅಮ್ಮ ಚಾಪೆ ಹಾಸಿ ಪಕ್ಕದ ಮನೆಯವರನ್ನೂ ಕರೆದಿದ್ದಾಳೆ. ಹೇಳಿಬಿಡಬೇಕು. ಇಲ್ಲಿ ಬರೆದುಕೊಂಡಾದರೂ ಹೇಳುತ್ತೇನೆ. ಅತ್ತೆ, ಅದು ನನ್ನದಲ್ಲ, ನೀನು ಪಾಪಾತಿಗೆ —

ಬಂದಳು. ಲೋಟ ಕೈಗಿಟ್ಟಳು. ಪಕ್ಕದಲ್ಲೇ ಕೂತಿದ್ದಾಳೆ. ಓದು ಬರದು, ಬರೆಯುವುದನ್ನೇ ನೋಡುತ್ತಿದ್ದಾಳೆ.
"ಇನ್ನೊಂದು ಪಾಟ್ಟಾ ಕಣ್ಣು? ಹಂಗೇ ನಮ್ ಪಾಪಾತಿ ಮೇಲೂ ಒಂದ್ ಬರ್ದುಬಿಡು. ಪಿಕ್ಚರ್‌ನಲ್ಲಿ ಬಂದ್ರೆ ಊರೆಲ್ಲ ಕೇಳ್ತದೆ."
ಆಗಲಿ ಅತ್ತೆ, ಅಂದೆ. ಅಂದುಬಿಟ್ಟೆ. ಈಗ ಕಷಾಯ ಕುಡಿದು ಹಾಡಲೇಬೇಕು —