ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಬೇರು ಅಗೆದ ಅಧ್ಯಕ್ಷರಿಗೆ

ಸಂಶೋಧನಾ ವೇತನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸಾದರ ಪ್ರಣಾಮಗಳು ಎಂದು ಆರಂಭಿಸಬೇಕೆಂದಿದ್ದೆ, ಕೈ ಏಳಲಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಳೆದ ಜೂನ್ ತಿಂಗಳಲ್ಲಿ ತಮ್ಮ ಸಮಿತಿಯು ಹೊಳೆಯಪ್ಪ ಎಂಬ ಅಭ್ಯರ್ಥಿಗೆ ಪಿಎಚ್.ಡಿ. ವೇತನವನ್ನು ನಿರಾಕರಿಸಿತು. ಕಾರಣ ಎರಡೇ ಸಾಲು: "ಅಭ್ಯರ್ಥಿಗೆ ವಿಷಯದ ಪ್ರಾಥಮಿಕ ಜ್ಞಾನವಿಲ್ಲ. ಜನರ ನಡುವೆ ಮುಂದಾಳಾಗಿ ನಿಲ್ಲುವ ಲಕ್ಷಣವೂ ಕಾಣಲಿಲ್ಲ." ವಿಷಯ ಯಾವುದು? ಕಪ್ಪತಗುಡ್ಡದ ಔಷಧಿ ಸಸ್ಯಗಳು. ಅಭ್ಯರ್ಥಿ ಯಾರು? ಅದೇ ಗುಡ್ಡದ ಬುಡದಲ್ಲಿ ಹುಟ್ಟಿ, ಸುತ್ತ ಹತ್ತು ಹಳ್ಳಿಯ ದನಕರುಗಳಿಗೆ ಬೇರು ಅರೆದು ಹಚ್ಚುವ ಹನಮಂತವ್ವನ ಮೊಮ್ಮಗ, ಆ ಊರಿನಲ್ಲಿ ಎಂ.ಎಸ್‌ಸಿ. ಮುಗಿಸಿದ ಮೊದಲಿಗ. ಮೀನಿನ ಮರಿಗೆ ಈಜು ಬರುವುದಿಲ್ಲವೆಂದು ಷರಾ ಬರೆದು, ಕೆಳಗೆ ಮೊಹರು ಒತ್ತಿದವರು ತಾವು.

ಐದು ವೇತನಗಳಲ್ಲಿ ಒಂದು ಇನ್ನೂ ಖಾಲಿ ಇದೆ, ಸೆಪ್ಟೆಂಬರ್ ಕೊನೆಗೆ ಅದನ್ನು ತುಂಬುತ್ತೀರಿ ಎಂದು ತಮ್ಮದೇ ಪ್ರಕಟಣೆ ಹೇಳುತ್ತದೆ. ಅದು ಹೊಳೆಯಪ್ಪನಿಗೆ ಸಿಗದಿದ್ದರೆ ಅಕ್ಟೋಬರ್ ಒಂದರಿಂದ ಅವನು ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಎಣಿಸುವ ಕೆಲಸಕ್ಕೆ ಹೋಗುತ್ತಾನೆ. ಹನಮಂತವ್ವನಿಗೆ ಎಪ್ಪತ್ತು ದಾಟಿದೆ. ಅವಳ ತಲೆಯಲ್ಲಿರುವುದನ್ನು ಬರೆದುಕೊಳ್ಳಲು ಇನ್ನೊಬ್ಬನಿಲ್ಲ, ಇನ್ನೊಬ್ಬನಿಗೆ ಅವಳು ಹೇಳುವುದೂ ಇಲ್ಲ. ಆದ್ದರಿಂದ ಈ ಪತ್ರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ. ತಮ್ಮ ಕಚೇರಿಗೆ ಕಳಿಸಿದ ಕಾಗದಗಳು ಏನಾಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಾನು ಯಾರೆಂದು ತಾವು ಮರೆತಿರಬಹುದು. ದೊಡ್ಡವರಿಗೆ ಮರೆವು ಒಂದು ಸೌಕರ್ಯ. ನಾನು ಲಕ್ಷ್ಮೇಶ್ವರದ ಗುಡಿಪೂಜೆಯ ಪಾಂಡುರಂಗಪ್ಪನವರ ಮಗಳು. ನಾನು ಹುಟ್ಟಿದಾಗ ನಮ್ಮೂರು ಮಿರಜ ಸಂಸ್ಥಾನದ್ದು, ಪಕ್ಕದ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಗದಗ ಮುಂಬಯಿ ಸರಕಾರದ್ದು. ಸ್ವಾತಂತ್ರ್ಯ ಬಂದು ಆ ಗಡಿಗಳೆಲ್ಲ ಅಳಿಸಿ ಹೋದವು, ಇನ್ನು ನಮಗೆ ಅಡ್ಡಿಯಿಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬಳು. ೧೯೫೧ರಲ್ಲಿ "ನಾಡಿಗೆ ಮುಂದಾಳು ಸಂಶೋಧಕರು ಬೇಕು" ಎಂದು ತಾವು ಮೊದಲ ಸಲ ವೇತನ ಕೊಟ್ಟಾಗ ಐವರಲ್ಲಿ ನಾನೊಬ್ಬಳೇ ಹೆಣ್ಣು. ತಾವು ಆಗ ಅಧ್ಯಕ್ಷರಲ್ಲ, ನನ್ನ ಮಾರ್ಗದರ್ಶಕರು. ಕಪ್ಪತಗುಡ್ಡದ ಸಸ್ಯಗಳು ಎಂಬ ವಿಷಯ ಆಗ ನನ್ನದಾಗಿತ್ತು.

ತಮ್ಮ ಮಾರ್ಗದರ್ಶನದ ಬಗ್ಗೆ ಎರಡು ಮಾತು ಬರೆಯದಿದ್ದರೆ ಕೃತಘ್ನಳಾಗುತ್ತೇನೆ. ಏಕೀಕರಣದ ಸಭೆಗಳಿಗೆ ತಮ್ಮ ಭಾಷಣಗಳನ್ನು ಶುದ್ಧಪ್ರತಿ ಮಾಡುವುದನ್ನು ಕಲಿಸಿದಿರಿ. ಸಭೆಯಲ್ಲಿ ಎಲ್ಲಿ ಚಪ್ಪಾಳೆ ಶುರು ಮಾಡಬೇಕೆಂಬುದನ್ನು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟಿರಿ. ತಮ್ಮ ಕೊರಳಿಗೆ ಬೀಳುವ ಹೂವಿನ ಹಾರದ ದಾರ ಗಟ್ಟಿಯಿದೆಯೇ ಎಂದು ಎಳೆದು ನೋಡುವ ಹೊಣೆಯನ್ನು ನಮ್ಮ ಐವರಿಗೆ ಸರದಿಯ ಮೇಲೆ ವಹಿಸಿದಿರಿ. ಇದಕ್ಕೆ ಮುಂದಾಳತ್ವದ ತರಬೇತಿ ಎಂದು ಹೆಸರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಮಾತಿನ ಅರ್ಥ ನನಗೆ ಆ ವರ್ಷ ಪೂರ್ತಿ ತಿಳಿಯಿತು. ಗುಡ್ಡಕ್ಕೆ ಬನ್ನಿರೆಂದು ನಾಲ್ಕು ಸಲ ಕರೆದೆ, ನಾಲ್ಕು ಸಲವೂ ತಮಗೆ ಮೊಣಕಾಲು ನೋವು. ವೇದಿಕೆ ಏರುವಾಗ ಮಾತ್ರ ಆ ನೋವು ಹೇಗೋ ಮಾಯವಾಗುತ್ತಿತ್ತು.

ಒಬ್ಬಳೇ ಹೋದೆ. ಮುಂಡರಗಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ಚಕ್ಕಡಿ, ಕೊನೆಗೆ ಕಾಲ್ನಡಿಗೆ. ಊರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ತಮ್ಮಂಥವರ ಜೀಪುಗಳು ಅಲ್ಲಿ ನಿಂತಿರುತ್ತವೆ. ಹನಮಂತವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಮೊದಲ ಸಲ ನೀರು ಕೊಟ್ಟಳು, ಕುಡಿಯಲಿಲ್ಲ. ಎರಡನೆಯ ಸಲ ರೊಟ್ಟಿ ತಟ್ಟುತ್ತ, "ಒಳಗ ಬಾರವ್ವಾ, ಒಂದೀಟು ಉಣ್ಣು ಬಾ," ಎಂದಳು. ಪೂಜಾರಿ ಮಗಳಲ್ಲವೇ ನಾನು? "ಒಲ್ಲೆ ಆಯಿ, ಉಂಡು ಬಂದೀನಿ," ಎಂದು ಸುಳ್ಳು ಹೇಳಿ, ಬೇಲಿಯಾಚೆ ಹೋಗಿ, ಅವ್ವ ಕಟ್ಟಿಕೊಟ್ಟ ಅವಲಕ್ಕಿ ಬಿಚ್ಚಿ ತಿಂದೆ. ಬಂದು ಮತ್ತೆ ನೋಟುಬುಕ್ಕು ತೆಗೆದು ಪ್ರಶ್ನೆ ಕೇಳಿದೆ. ನನ್ನ ತುಟಿಗೆ ಅವಲಕ್ಕಿ ಅಂಟಿಕೊಂಡಿದ್ದುದು ಅವಳಿಗೆ ಕಾಣದೆ ಇರುತ್ತದೆಯೇ? ಆದರೂ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು.

ಅದರಲ್ಲಿ ಒಂದು ಉತ್ತರ ಹೀಗಿತ್ತು: ದನದ ಗೊರಸು ಬಾತರೆ ತಂಗಡಿ ಬೇರು ಅರೆದು ಕಟ್ಟಬೇಕು. ಬೇರನ್ನು ಅಮಾವಾಸ್ಯೆ ದಿನವೇ ಅಗೆಯಬೇಕು. ಅಗೆಯುವವರು ಬಾಯಲ್ಲಿ ಬೆಲ್ಲದ ಹೆಂಟೆ ಇಟ್ಟುಕೊಂಡು, ಅದು ಕರಗುವ ತನಕ ತುಟಿ ಪಿಟಕ್ಕೆನ್ನದೆ ಅಗೆಯಬೇಕು. ನಾನು ಭಕ್ತಿಯಿಂದ ಬರೆದುಕೊಂಡೆ. ಗದಗಿಗೆ ಬಂದ ಮರುದಿನ "ನೋಡಿ ಕೊಡುತ್ತೇನೆ" ಎಂದು ತಾವು ಆ ನೋಟುಬುಕ್ಕನ್ನು ಇಸಿದುಕೊಂಡಿರಿ. ಇವತ್ತಿಗೂ ನೋಡುತ್ತಲೇ ಇದ್ದೀರಿ.

ಮೂರನೆಯ ಸಲ ಹೋದಾಗ ಬಿಸಿಲಿಗೆ ತಲೆ ತಿರುಗಿ ಅವಳ ಕಟ್ಟೆಯ ಮೇಲೇ ಬಿದ್ದೆ. ಎಚ್ಚರಾದಾಗ ಬಾಯಲ್ಲಿ ಅವಳ ಮನೆಯ ನೀರು ಇತ್ತು. ಇನ್ನು ಮಡಿ ಎಲ್ಲಿಯದು? ಒಳಗೆ ಹೋಗಿ ಕುಳಿತೆ. ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಸಿ ಉಳ್ಳಾಗಡ್ಡಿ. ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದಾಗ ಅವಳು ನಕ್ಕಳು.

"ಈಗ ಬರಕೋ," ಅಂದಳು. "ಮೊದ್ಲ ಹೇಳಿದ್ದರಾಗ ಮೂರು ಸುಳ್ಳ ಅದಾವು."

ನಾನು ಬೆಪ್ಪಾದೆ. "ಯಾಕ ಆಯಿ, ನಾ ಏನ ತಪ್ಪ ಮಾಡಿದ್ದೆ?"

"ನಮ್ಮ ಮನಿತನದಾಗ ಹಿಂಗ ಐತಿ. ನಮ್ಮ ಮನಿಯಾಗ ಉಣ್ಣದವರಿಗೆ ನಮ್ಮ ಗುಡ್ಡದ್ದು ಪೂರಾ ಹೇಳಂಗಿಲ್ಲ. ನಮ್ಮ ಕೈಯಾಗಿನ ರೊಟ್ಟಿ ಒಲ್ಲದವರಿಗೆ ನಮ್ಮ ಕೈಯಾಗಿನ ಔಷಧ ಯಾಕ ಬೇಕು? ಆದ್ರ ಬಂದವರನ್ನ ಬರಿಗೈಲಿ ಕಳಸಬಾರದು. ಅದಕ್ಕ ಒಂದೊಂದು ಸುಳ್ಳ ಸೇರಿಸಿ ಕೊಡ್ತೀವಿ. ಯಾರಿಗೂ ತ್ರಾಸ ಆಗಂಗಿಲ್ಲ, ಗುಣಾನೂ ಆಗಂಗಿಲ್ಲ."

"ಆ ಬೆಲ್ಲದ ಮಾತು?"

"ಅದಾ? ನೀ ಬಾಳ ಪ್ರಶ್ನಿ ಕೇಳತಿದ್ದಿ. ನಿನ್ನ ಬಾಯಿ ಮುಚ್ಚಿಸಾಕ ಅಂದೆ," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. "ಒಬ್ಬೊಬ್ಬರಿಗೆ ಒಂದೊಂದು ಸುಳ್ಳ ಹೇಳ್ತೀನಿ, ಯಾರ ಮಾತು ಯಾರ ಬಾಯಾಗ ಹೋತು ಅಂತ ತಿಳೀತೈತಿ. ಬೆಲ್ಲದ್ದು ನಿನ್ನೊಬ್ಬಾಕಿಗೆ ಅಷ್ಟ."

ಆ ದಿನ ನಾನು ಕಲಿತದ್ದನ್ನು ತಮ್ಮ ಕೈಕೆಳಗೆ ಒಂದು ವರ್ಷದಲ್ಲಿ ಕಲಿತಿರಲಿಲ್ಲ. ಜನರ ಮುಂದೆ ನಿಲ್ಲುವ ಮೊದಲು ಜನರ ಪಕ್ಕದಲ್ಲಿ ಕುಳಿತು ಉಣ್ಣಬೇಕು. ತಪ್ಪು ನನ್ನದೂ ಇತ್ತು, ಎರಡು ಸಲ ಆ ಮನೆಯ ಹೊಸ್ತಿಲನ್ನು ಅವಮಾನಿಸಿದವಳು ನಾನೇ. ಅದನ್ನು ಒಪ್ಪಿಕೊಂಡೇ ತಮ್ಮ ಬಳಿ ಓಡಿ ಬಂದೆ. "ಸರ್, ಹನಮಂತವ್ವನ ಮನೆಯಲ್ಲಿ ಉಂಡ ಮೇಲೆ ಆಕೆ ಸತ್ಯ ಹೇಳಿದಳು, ಮೊದಲ ನೋಟುಬುಕ್ಕಿನಲ್ಲಿ ತಪ್ಪುಗಳಿವೆ, ತಿದ್ದಿ ತರುತ್ತೇನೆ," ಎಂದೆ. ಇಷ್ಟು ಉದ್ದದ ವಾಕ್ಯದಲ್ಲಿ ತಾವು ಕೇಳಿಸಿಕೊಂಡದ್ದು "ಉಂಡ" ಎಂಬ ಒಂದೇ ಪದ. ತಿಂಗಳು ತಿಂಗಳು ಜಾತಿ ಅಳಿಯಲಿ ಎಂದು ಭಾಷಣ ಮಾಡುತ್ತಿದ್ದ ತಾವು (ಆ ಭಾಷಣದ ಶುದ್ಧಪ್ರತಿ ನಾನೇ ಮಾಡಿದ್ದೆ) ಮರುದಿನವೇ ಲಕ್ಷ್ಮೇಶ್ವರಕ್ಕೆ ನನ್ನ ತಂದೆಯ ಹೆಸರಿಗೆ ಒಂದು ಕಾರ್ಡು ಹಾಕಿದಿರಿ. ಲಕೋಟೆಯಲ್ಲ, ಕಾರ್ಡು! ಟಪಾಲಿನವನು ಓದಲಿ, ಓಣಿಯವರು ಓದಲಿ, ಗುಡಿಯ ಪಂಚರು ಓದಲಿ ಎಂದು.

ಅಪ್ಪ ಗದಗಿಗೆ ಬಂದರು. ಕುಳಿತುಕೊಳ್ಳಲಿಲ್ಲ. "ಉಂಡೀ ಅಂತ, ಖರೇನು?" ಎಂದರು.

"ಖರೆ, ಅಪ್ಪಾ."

"ನಾಳಿಂದ ನನ್ನ ಪಾಳಿ ಪೂಜಿ ಬ್ಯಾರೆಯವರಿಗೆ ಕೊಟ್ಟಾರ. ಗುಡಿ ಬಾಗಲಾ ಮುಚ್ಚಿದ್ರು ನನಗ," ಎಂದಷ್ಟೇ ಹೇಳಿ, ನನ್ನ ಟ್ರಂಕು ಎತ್ತಿಕೊಂಡರು. ನಾನು ಹಿಂದೆ ನಡೆದೆ. ಆ ತಿಂಗಳೇ ತಮ್ಮ ಷರಾ ಬಂತು: "ಮಹಿಳಾ ಅಭ್ಯರ್ಥಿಯು ಜನರೊಂದಿಗೆ ಬೆರೆಯುವ ಸ್ವಭಾವದವರಲ್ಲ. ವೇತನ ಮುಂದುವರಿಸತಕ್ಕದ್ದಲ್ಲ." ಬೆರೆತದ್ದಕ್ಕೆ ಮನೆಯಲ್ಲಿ ಶಿಕ್ಷೆ, ಬೆರೆಯಲಿಲ್ಲವೆಂದು ಸಮಿತಿಯಲ್ಲಿ ಶಿಕ್ಷೆ! ಒಂದೇ ಕೈ ಎರಡೂ ಬರೆಯಿತು. ಅಪ್ಪ ಮೂರು ವರ್ಷ ಗುಡಿಯ ಗಂಟೆಯ ಸಪ್ಪಳ ಕೇಳಿದಾಗಲೆಲ್ಲ ಎದ್ದು ನಿಂತು, ಮತ್ತೆ ಕುಳಿತುಕೊಳ್ಳುತ್ತಿದ್ದರು. ತೀರಿಹೋಗುವ ಮೊದಲು ಒಮ್ಮೆ ಕೇಳಿದರು: "ಆ ಮುದುಕಿ ಕೈಯಾಗಿನ ರೊಟ್ಟಿ ಹ್ಯಾಂಗಿತ್ತು, ನರ್ಮದಾ?" "ಬಿಸಿ ಇತ್ತಪ್ಪಾ," ಎಂದೆ. "ಹಂಗಾದ್ರ ಛಲೋ ಆತು ಬಿಡು," ಎಂದರು. ಅವರು ಕ್ಷಮಿಸಿದರು. ನಾನು ತಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ.

ಅಪ್ಪ ತೀರಿಹೋದ ವರ್ಷವೇ ತಮ್ಮ ಪುಸ್ತಕ ಅಚ್ಚಾಗಿ ಬಂತು. ಕಪ್ಪತಗುಡ್ಡದ ಸಸ್ಯಗಳ ಮೇಲೆ ಮೊದಲ ಸ್ವತಂತ್ರ ಸಂಶೋಧನೆ ಎಂದು ಮುಖಪುಟದಲ್ಲೇ ಇದೆ. ನಲವತ್ತೊಂದನೆಯ ಪುಟ ತೆಗೆದು ನೋಡಿದೆ. ಅಮ್ಮಮ್ಮಾ! ತಂಗಡಿ ಬೇರು, ಅಮಾವಾಸ್ಯೆ, ಬಾಯಲ್ಲಿ ಬೆಲ್ಲ! ಅಷ್ಟೇ ಅಲ್ಲ, ಆ ಬೆಲ್ಲದ ಬಗ್ಗೆ ಒಂದೂವರೆ ಪುಟದ ಟಿಪ್ಪಣಿ: ಅದು "ಪ್ರಾಚೀನ ಮೌನವ್ರತದ ಅವಶೇಷ" ಅಂತೆ. ಹನಮಂತವ್ವನಿಗೆ ಇದನ್ನು ಓದಿ ಹೇಳಿದಾಗ ಆಕೆಗೆ ನಕ್ಕೂ ನಕ್ಕೂ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ಕಳೆದ ನವೆಂಬರ್ ಒಂದರಂದು, ನಾಡು ಒಂದಾದ ದಿನ, ಗದಗಿನ ಮೈದಾನದಲ್ಲಿ ಸಾವಿರಾರು ಜನರ ಮುಂದೆ ತಾವು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ: "ನಾನೇ ಸ್ವತಃ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಆ ಬೇರನ್ನು ಅಗೆದಿದ್ದೇನೆ." ಚಪ್ಪಾಳೆ ಸರಿಯಾದ ಜಾಗದಲ್ಲೇ ಬಿತ್ತು.

ನನ್ನ ನೋಟುಬುಕ್ಕು ನನ್ನ ಬಳಿ ಇಲ್ಲ, ಸಾಕ್ಷಿಯಿಲ್ಲ ಎಂದು ತಾವು ಐದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದಿರಿ. ಸಾಕ್ಷಿಯನ್ನು ತಾವೇ ಅಚ್ಚು ಹಾಕಿಸಿ ಮಾರಿದ್ದೀರಿ. ಲೋಕದಲ್ಲಿ ಒಬ್ಬಳಿಗೆ ಮಾತ್ರ ಹೇಳಿದ ಸುಳ್ಳು ತಮ್ಮ ಪುಸ್ತಕಕ್ಕೆ ಹೇಗೆ ನಡೆದು ಬಂತು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಕದ್ದವರ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ತಮಗೆ ಬಿಟ್ಟದ್ದು.

ಈಗ ಜೂನ್ ತಿಂಗಳ ಸಂದರ್ಶನಕ್ಕೆ ಬನ್ನಿ. ನಾನು ಮೊದಲ ಸಲ ಆ ಮನೆಗೆ ಹೋದಾಗ ಮೆಟ್ರಿಕ್ ಮುಗಿಸಿದ್ದ ಹೊಳೆಯಪ್ಪನಿಗೆ ಆ ವರ್ಷದಿಂದ ಇವತ್ತಿನವರೆಗೆ ಭಾನುವಾರ ಭಾನುವಾರ ಪಾಠ ಹೇಳಿದವಳು ನಾನು, ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯ ಮಾಸ್ತರಬಾಯಿ. ಉಂಡ ಮನೆಯ ಋಣ. ತಾವು ಅವನನ್ನು ಕೇಳಿದಿರಂತೆ, ಗೊರಸು ಬಾತರೆ ಯಾವ ಬೇರು ಎಂದು. ಅವನು, "ತಂಗಡಿ ಅಲ್ಲರಿ ಸರ," ಎಂದನಂತೆ. "ನನ್ನ ಪುಸ್ತಕ ಓದಿಲ್ಲವೇ?" ಎಂದು ಗದರಿದಿರಂತೆ. ಅವನು ಕೈಮುಗಿದು, "ಓದೀನ್ರಿ. ಅದು ನಮ್ಮಾಯಿ ಉಣ್ಣದವರಿಗೆ ಹೇಳೋ ಮಾತರಿ," ಎಂದನಂತೆ. ಅಲ್ಲಿಗೆ ಸಂದರ್ಶನ ಮುಗಿಯಿತು. ತಮ್ಮ ಮುಖ ಆಗ ಹೇಗಿತ್ತೆಂದು ಕೇಳಿದೆ. ಹುಡುಗ ಸಭ್ಯ, ಹೇಳಲಿಲ್ಲ. ಇಡೀ ಸಮಿತಿಯ ಮುಂದೆ ಸತ್ಯ ಹೇಳಿದವನಿಗೆ ಮುಂದಾಳತ್ವದ ಲಕ್ಷಣವಿಲ್ಲವಾದರೆ, ಆ ಲಕ್ಷಣ ಇರುವುದು ಯಾರಿಗೆ? ಹಾರದ ದಾರ ಎಳೆದು ನೋಡುವವರಿಗೇ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಸೆಪ್ಟೆಂಬರಿನಲ್ಲಿ, ಮಹಾನವಮಿಗೆ ಮುಂಚಿನ ಅಮಾವಾಸ್ಯೆಯ ದಿನ ಕಪ್ಪತಗುಡ್ಡದ ಮೇಲೆ ಹೊಳೆಯಪ್ಪನ ಮರುಸಂದರ್ಶನ ನಡೆಯಬೇಕು. ಇಡೀ ಸಮಿತಿ ಬರಬೇಕು, ಮುಂಡರಗಿಯ ರೈತರು ಬಾವು ಬಂದ ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ತಾವು ತಮ್ಮ ಪುಟದ ಪ್ರಕಾರ ಬಾಯಲ್ಲಿ ಬೆಲ್ಲ ಇಟ್ಟುಕೊಂಡು ತಂಗಡಿ ಅಗೆಯಿರಿ, ಅವನು ಅವನ ಬೇರು ಅಗೆಯಲಿ. ಯಾರ ಎತ್ತು ಎದ್ದು ನಡೆಯುತ್ತದೆಯೋ ಅವರಿಗೆ ವಿಷಯಜ್ಞಾನವಿದೆಯೆಂದು ಬರೆಯಿರಿ. ಬೆಲ್ಲ ನಾನು ತರುತ್ತೇನೆ. ಬಾರದಿದ್ದರೆ ಆ ಖಾಲಿ ವೇತನವನ್ನು ಹೊಳೆಯಪ್ಪನಿಗೆ ಬರೆದು ಕೊಟ್ಟು, ಕುರ್ಚಿ ಬಿಟ್ಟು ಇಳಿಯಿರಿ. ಎರಡೂ ಮಾಡದಿದ್ದರೆ ಗದಗ, ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಎಲ್ಲ ಊರಿನ ಸಂತೆಯಲ್ಲಿ ನಿಂತು ಆ ಪುಟವನ್ನು ಗಟ್ಟಿಯಾಗಿ ಓದುತ್ತೇನೆ. ನನ್ನ ದನಿ ದೊಡ್ಡದು, ಅದಕ್ಕೂ ತಾವೇ ತರಬೇತಿ ಕೊಟ್ಟದ್ದು.

ಈ ಪತ್ರವನ್ನು ಹನಮಂತವ್ವನಿಗೆ ಓದಿ ಹೇಳಿದೆ. ಎಲ್ಲ ಕೇಳಿ, ತನ್ನದೂ ಒಂದು ಮಾತು ಸೇರಿಸು ಎಂದಳು. ಹಾಗೇ ಬರೆದಿದ್ದೇನೆ:

"ಆ ಸಾಹೇಬರಿಗೆ ಹೇಳು, ನನಗೇನ ಸಿಟ್ಟಿಲ್ಲ. ಬರ್ರಿ ಅಂತ ಹೇಳು, ನೀರ ಕೊಡ್ತೀನಿ. ಎರಡನೇ ಸಲ ಬರ್ರಿ, ರೊಟ್ಟಿ ಮುಂದಿಡ್ತೀನಿ. ಮೂರನೇ ಸಲಕ್ಕ ಉಂಡ್ರ ಖರೆ ಬೇರು ನಾನ ತೋರಸ್ತೀನಿ. ಆದ್ರ ಅವರು ಇನ್ನಾ ಮೊದಲನೇ ಸಲಾನ ಬಂದಿಲ್ಲಲ್ಲಾ, ತಂಗಿ."

ಇಂತಿ,
ಆ ಮನೆಯಲ್ಲಿ ಉಂಡವಳು,
ತಮ್ಮ ನಲವತ್ತೊಂದನೆಯ ಪುಟವನ್ನು ಬರೆದವಳು,
ನರ್ಮದಾ
ಬೆಟಗೇರಿ, ಆಗಸ್ಟ್ ೧೯೫೭