ಅಗ್ಗದ ಬಿಡಾರಗಳ ದಾರಿಯಲ್ಲಿ

ಮಂಗಳವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಾನು ಕ್ಷೇಮ. ನೀವೂ ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀರಿ ಅಂದುಕೊಂಡಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ಮಾತು ಮುಗಿಯುವ ಮುಂಚೆ ಮಧ್ಯೆ ಬಾಯಿ ಹಾಕುತ್ತೀರಿ. ಕಾಗದಕ್ಕೆ ಆ ಕಾಟವಿಲ್ಲ. ಪೂರ್ತಿ ಓದಿದ ಮೇಲೆ ಸಿಟ್ಟು ಮಾಡಿಕೊಳ್ಳಿ.

ಟ್ರಕ್ಕು ಚೆನ್ನಾಗಿದೆ. ಅದರ ಬೆನ್ನ ಮೇಲೆ ಕೂರಿಸಿದ ಮರದ ಕೋಣೆಯನ್ನು ಪಾರಿವಾಳದ ಗೂಡು ಅಂತ ಆಡಿಕೊಳ್ಳುತ್ತಿದ್ದಿರಲ್ಲ, ಅದೂ ಚೆನ್ನಾಗಿದೆ. ಒಂದು ಒಲೆ, ಒಂದು ಹಾಸಿಗೆ, ಒಂದು ಕಿಟಕಿ, ಒಬ್ಬಳಿಗೆ ಧಾರಾಳವಾಯಿತು. ಆದರೆ ಒಳಗಿನಿಂದ ಸ್ಟಿಯರಿಂಗಿಗೆ ದಾರಿಯಿಲ್ಲ, ಕೆಳಗಿಳಿದು ಸುತ್ತಿ ಬರಬೇಕು. ಅದಕ್ಕೇ ಎಲ್ಲಿ ನಿಲ್ಲಿಸಿದರೂ ಗಾಡಿಯ ಮೂತಿ ರಸ್ತೆಯ ಕಡೆಗೇ ಇರುವಂತೆ ನೋಡಿಕೊಳ್ಳುತ್ತೇನೆ. ಭಯವಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ.

ರಾತ್ರಿ ಗಾಡಿ ನಿಲ್ಲಿಸಲು ಅಗ್ಗದ ಬಿಡಾರ ಹುಡುಕುವುದರಲ್ಲಿ ಈಗ ಪಳಗಿಬಿಟ್ಟಿದ್ದೇನೆ. ದೊಡ್ಡ ಬೋರ್ಡು ಕಂಡರೆ ಗಾಡಿ ನಿಧಾನ ಕೂಡ ಮಾಡುವುದಿಲ್ಲ. ಪೆಟ್ರೋಲ್ ಬಂಕಿನವನನ್ನು ಕೇಳಬಾರದು, ಅವನು ತನ್ನ ಭಾವಮೈದುನನ ಜಾಗಕ್ಕೇ ಕಳಿಸುತ್ತಾನೆ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕಾಯುತ್ತಾ ಕೂತವರನ್ನು ಕೇಳಬೇಕು. ರಸ್ತೆಯ ಮೇಲೇ ಬದುಕುವವರು ಅಲ್ಲಿಗೆ ಬಂದೇ ಬರುತ್ತಾರೆ. ಕರೆಂಟು ಬೇಡ, ನೀರಿನ ಪೈಪು ಬೇಡ, ಕೆರೆ ಕಾಣದಿದ್ದರೂ ನಡೆಯುತ್ತೆ ಅಂದರೆ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಶನಿವಾರ ಮಾತ್ರ ಹೋಗಬಾರದು, ಅವತ್ತು ಬಾಡಿಗೆ ಏರಿಸಿರುತ್ತಾರೆ. ನಲ್ಲಿ ತುಕ್ಕು ಹಿಡಿದು, ಕಚೇರಿಯ ಕುರ್ಚಿಯ ಕಾಲಿಗೆ ಹಗ್ಗ ಸುತ್ತಿದ್ದರೆ ಅದೇ ನನ್ನ ಜಾಗ.

ಊರು ನೋಡಲು ಹೊರಟವಳಿಗೆ ಇಷ್ಟು ಜಿಪುಣತನ ಯಾಕೆ ಅಂತ ನಿಮಗನಿಸಬಹುದು. ನಾನು ಊರು ನೋಡಲು ಹೊರಟಿಲ್ಲ. ನಿಮಗೆ ಹಾಗೆ ಹೇಳಿ ಬಂದೆ, ಅಷ್ಟೆ. ನಾನು ಮಗನನ್ನು ಹುಡುಕುತ್ತಿದ್ದೇನೆ. ನಮ್ಮ ಗುಡಾರ ಹೊಲಿಯುವ ಅಂಗಡಿಯಿಂದ ಒಂದು ಹಳೇ ಗುಡಾರ, ದಬ್ಬಳ, ಮೇಣ ಹಚ್ಚಿದ ದಾರದ ಉಂಡೆ, ಇಷ್ಟೇ ಹೊತ್ತು, ಕೈಯಲ್ಲಿ ಕಾಸಿಲ್ಲದೆ ಹೋದವನು ಎಲ್ಲಿ ಮಲಗುತ್ತಾನೆ? ಎಲ್ಲಕ್ಕಿಂತ ಅಗ್ಗದ ಜಾಗದಲ್ಲಿ. ಹೊಟ್ಟೆ ಹಸಿದ್ರೆ ತಾನೇ ಬರ್ತಾನೆ ಬಿಡು ಅಂತ ಹೇಳಿ ನೀವು ಮಿಷನ್ನಿನ ಮುಂದೆ ಕೂತಿರಿ. ನನಗೆ ಹಾಗೆ ಕೂರಲು ಆಗಲಿಲ್ಲ.

ಮೊದಮೊದಲು ಸುಳಿವೇ ಇರಲಿಲ್ಲ. ಫೋಟೋ ತೋರಿಸಿದರೆ ಯಾರಿಗೂ ಗುರುತಿಲ್ಲ. ಆಮೇಲೆ ಒಂದು ಬಿಡಾರದ ಬಚ್ಚಲಿಗೆ ಬಾಗಿಲ ಬದಲು ಟಾರ್ಪಾಲು ಕಟ್ಟಿದ್ದರು. ಅದರ ಮೂಲೆ ನೋಡಿ ನನ್ನ ಕೈಯಲ್ಲಿದ್ದ ಸೋಪು ಜಾರಿತು. ಬಟ್ಟೆಯನ್ನು ಮೂರು ಮಡಿಕೆ ಮಾಡಿ, ಒಳಗಿನಿಂದ ಹೊಲಿಗೆ ಹಿಡಿದು, ಗಂಟನ್ನು ಮಡಿಕೆಯೊಳಗೇ ಅಡಗಿಸಿದ್ದು, ಮಾವನವರು ಕಲಿಸಿದ ಮೂಲೆ. ನಮ್ಮ ಅಂಗಡಿ ಬಿಟ್ಟರೆ ಇನ್ನೆಲ್ಲೂ ಅದನ್ನು ಕಂಡಿಲ್ಲ. ಅಲ್ಲಿನ ಕಾವಲುಗಾರನನ್ನು ಕೇಳಿದರೆ, ಒಬ್ಬ ಬಂದಿದ್ದ, ಬಾಡಿಗೆ ಬದಲು ಹರಿದಿದ್ದನ್ನೆಲ್ಲ ಹೊಲ್ಕೊಟ್ಟು ಹೋದ, ಒಳ್ಳೇ ಹುಡುಗ ಅಂದ. ಒಳ್ಳೇ ಹುಡುಗ ಅನ್ನುವ ಮಾತು ಕೇಳಿ ಎಷ್ಟು ಕಾಲವಾಗಿತ್ತು.

ಮುಂದಿನ ಬಿಡಾರದಲ್ಲಿ ಅವನ ಕೆಲಸ ಅರ್ಧಕ್ಕೇ ನಿಂತಿತ್ತು. ತಂತಿಯ ಮೇಲೆ ಗುಡಾರದ ಬಟ್ಟೆ ಹರವಿತ್ತು. ದಾರ ತರೋಕೆ ಪೇಟೆಗೆ ಹೋಗಿದ್ದಾನೆ, ಸಂಜೆಗೆ ಬರ್ತಾನೆ ಅಂತ ಯಜಮಾನಿ ಹೇಳಿದಳು. ಹೋದ ಜೀವ ಬಂದಂತಾಯಿತು. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕಾಯುತ್ತಾ ಕೂತೆ. ಕೂತಿದ್ದೇ ತಪ್ಪಾಯಿತು. ಎದುರಿಗಿದ್ದ ಮೂಲೆ ಸೊಟ್ಟಗಿತ್ತು, ಬಟ್ಟೆ ಒಂದು ಕಡೆ ಸುಕ್ಕುಗಟ್ಟಿ ನಿಂತಿತ್ತು. ಕೈ ಸುಮ್ಮನಿರಲಿಲ್ಲ. ಬಿಚ್ಚಿ, ನೀಟಾಗಿ ಮತ್ತೆ ಹೊಲಿದು, ಅವನಿಗೆ ಏನಾದರೂ ಬಿಸಿ ಮಾಡಿಡೋಣ ಅಂತ ಟ್ರಕ್ಕಿನೊಳಗೆ ಹೋದೆ.

ಅಷ್ಟರಲ್ಲಿ ಬಂದನಂತೆ. ಮೂಲೆಯನ್ನು ಬೆರಳಲ್ಲಿ ಸವರಿ ನೋಡಿದನಂತೆ. ಇದು ಯಾರು ಮಾಡಿದ್ದು ಅಂತಲೂ ಕೇಳಲಿಲ್ಲ, ಗಂಟು ಮೂಟೆ ಕಟ್ಟಿಕೊಂಡು ಹಿಂದಿನ ಬೇಲಿ ದಾಟಿ ಹೊರಟುಹೋದ. ನಾನು ಓಡಿ ಬರುವಷ್ಟರಲ್ಲಿ ಯಜಮಾನಿ ಬೇಲಿಯ ಕಡೆ ಕೈ ತೋರಿಸುತ್ತಾ ನಿಂತಿದ್ದಳು.

ಅವನು ಮನೆ ಬಿಟ್ಟದ್ದೂ ಇದಕ್ಕೇ ಅಲ್ಲವೇ? ವಾರವಿಡೀ ಕೂತು ಹೊಲಿದ ಗುಡಾರವನ್ನು ನೀವು ಗಿರಾಕಿಯ ಎದುರೇ ಅಡಿಯಿಂದ ಮುಡಿಯವರೆಗೆ ಬಿಚ್ಚಿದಿರಿ. ನಿಮ್ಮನ್ನು ಬೈಯುತ್ತಾ ಇಷ್ಟು ದೂರ ಬಂದೆ, ಬಂದು ಅದನ್ನೇ ಮಾಡಿದೆ.

ಈಗಿರುವ ಬಿಡಾರ ಈ ರಸ್ತೆಯಲ್ಲೇ ಅತಿ ಅಗ್ಗದ್ದು, ನದಿಯ ಪಕ್ಕದಲ್ಲಿದೆ. ಬುಧವಾರ ಬುಧವಾರ ಒಬ್ಬ ಹೊಲಿಯುವವನು ಬರುತ್ತಾನೆ ಅಂತ ಇಲ್ಲಿನ ಅಜ್ಜಿ ಹೇಳಿದ್ದಾಳೆ. ಟ್ರಕ್ಕನ್ನು ಅವನಿಗೆ ಕಾಣದಂತೆ ಬಚ್ಚಲಿನ ಹಿಂದೆ ನಿಲ್ಲಿಸಿದ್ದೇನೆ. ನಮ್ಮ ಗೂಡಿನ ಬಾಗಿಲ ಮೇಲಿನ ಟಾರ್ಪಾಲನ್ನು ಬಿಚ್ಚಿ, ಅದರ ಮೂಲೆಯನ್ನು ನಾನೇ ಚಾಕುವಿನಿಂದ ಸೀಳಿ, ಅವನಿಗೇ ಹೊಲಿಯಲು ಕೊಡಿ, ಯಾರದು ಅಂತ ಹೇಳಬೇಡಿ ಅಂತ ಅಜ್ಜಿಯ ಕೈಗೆ ಕೊಟ್ಟಿದ್ದೇನೆ. ಅದು ಒಳ್ಳೇ ಟಾರ್ಪಾಲು, ನೀವೇ ಹೊಲಿದದ್ದು. ನಾಳೆ ಅವನು ಬರದಿದ್ದರೆ ಇನ್ನೆಲ್ಲಿ ಹುಡುಕಲಿ, ನನಗೆ ತೋಚುತ್ತಿಲ್ಲ.

ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿರುತ್ತದೆ, ಗೊತ್ತು. ಬೀಳಲಿ.

ಇಂತಿ,
ನಿಮ್ಮ ಅಂಗಡಿಯ ಅರ್ಧ ಕೈ

ವಿ. ಸೂ.: ಗುರುವಾರ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ನಿನ್ನೆ ಬಂದ. ಅವನು ದಬ್ಬಳ ಹಿಡಿದ ಮೇಲೆ ನಾನು ಹೋಗಿ ಎದುರು ಕೂತೆ, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು. ತಲೆಯೆತ್ತಿ ನೋಡಿದ, ಎದ್ದು ಹೋಗಲಿಲ್ಲ. ಹೊಲಿದು ಮುಗಿಸಿ, ಹೇಗಿದೆಯಮ್ಮಾ ಅಂದ. ಸೊಟ್ಟಗಿದೆ, ಆದ್ರೆ ಸೋರಲ್ಲ ಅಂದೆ. ಅಷ್ಟಕ್ಕೇ ಅತ್ತುಬಿಟ್ಟ, ನಾನೂ ಅತ್ತೆ. ತೀರಾ ಸೊರಗಿದ್ದಾನೆ. ಈಗ ಗೂಡಿನಲ್ಲಿ ಮಲಗಿದ್ದಾನೆ, ಹಾಸಿಗೆ ಸಾಲದೆ ಕಾಲು ಬಾಗಿಲಿನಿಂದ ಹೊರಗಿದೆ. ನಿಮ್ಮ ಮಾತೆತ್ತಿದರೆ ಮುಖ ತಿರುಗಿಸುತ್ತಾನೆ. ನಾನು ನಿಮಗೆ ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ವಿಳಾಸ ಲಕೋಟೆಯ ಹಿಂದಿದೆ. ಬರುವುದಾದರೆ ಇಲ್ಲಿನ ನದಿಯ ಸೇತುವೆಯ ಆಚೆಯೇ ನಿಂತು ನನಗೆ ಹೇಳಿ ಕಳಿಸಿ, ಅವನನ್ನು ಕೇಳುತ್ತೇನೆ. ಬೇಡ ಅಂದರೆ ಒಂದು ಮಾತೂ ಆಡದೆ ಅಲ್ಲಿಂದಲೇ ವಾಪಸ್ಸು ಹೋಗಬೇಕು. ಹಾಗೆ ಹೋಗಬಲ್ಲೆ ಅನ್ನಿಸಿದರೆ ಮಾತ್ರ ಮನೆಯಿಂದ ಹೊರಡಿ.